ನನಗೆ ಯಾವ ಜೀಪೂ ತಾಗಿಲ್ಲ

ಠಾಣಾಧಿಕಾರಿಗಳಿಗೆ,

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಒತ್ತು ದೀರ್ಘ ತಪ್ಪಿರಬಹುದು. ಐದನೇ ತರಗತಿಯ ನಂತರ ನಾನು ಶಾಲೆಗೆ ಹೋಗಿಲ್ಲ. ಮಹಿಳಾ ಪೇದೆ ತನುಜಾ ಮೇಡಂ ಅವರು ಆಸ್ಪತ್ರೆಗೆ ಬಂದು, ನೀನು ಹೇಳು ನಾನು ಬರೆದುಕೊಳ್ಳುತ್ತೇನೆ ಎಂದರು. ಆದರೆ ಅಪ್ಪ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದರು. ಅವರ ಎದುರು ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಕಾಗದ ಕೇಳಿ ತೆಗೆದುಕೊಂಡು ನಾನೇ ಬರೆಯುತ್ತಿದ್ದೇನೆ.

ಹೆಸರು ಕವನಾ, ತಂದೆ ಮಂಜಯ್ಯ, ವಯಸ್ಸು ಇಪ್ಪತ್ತೆರಡು. ಕೆಲಸ, ನಮ್ಮ ಎರಡು ಎಕರೆ ಕಾಫಿ ತೋಟ ನೋಡಿಕೊಳ್ಳುವುದು ಮತ್ತು ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಮೂಡಿಗೆರೆಯ ಹೋಟೆಲುಗಳಿಗೆ ಹಾಲು ಹಾಕುವುದು. ವಾಸ ಬಿದಿರುಕೊಪ್ಪ, ಮೂಡಿಗೆರೆ ತಾಲ್ಲೂಕು. ನಾನು ಕೈಯಾರೆ ಬರೆದು ತಮಗೆ ತಿಳಿಸಿಕೊಳ್ಳುವುದು ಹೀಗಿದೆ.

ದಿನಾಂಕ 11-01-2026ರ ಭಾನುವಾರ ಚಿಕ್ಕಮಗಳೂರಿನಿಂದ ನೂರ ಎಂಬತ್ತು ಕಿಲೋಮೀಟರಿನ ಸೈಕಲ್ ಸವಾರಿ ಇತ್ತು. ಆಲ್ದೂರು, ಬಾಳೆಹೊನ್ನೂರು, ಕಳಸ, ಕೊಟ್ಟಿಗೆಹಾರ, ಮೂಡಿಗೆರೆ ಸುತ್ತಿಕೊಂಡು ಮತ್ತೆ ಚಿಕ್ಕಮಗಳೂರಿಗೆ ಬರಬೇಕು. ನನ್ನ ದೊಡ್ಡಪ್ಪನ ಮಗ ಪ್ರಶಾಂತಣ್ಣ ಆ ಸೈಕಲ್ ಕ್ಲಬ್ಬಿನಲ್ಲಿದ್ದಾನೆ. ನನ್ನನ್ನು ಸೇರಿಸಿದ್ದು ಅವನೇ. ಹಿಂದಿನ ದಿನ ಅವನ ಪಿಕಪ್ಪಿನಲ್ಲೇ ನನ್ನ ಸೈಕಲ್ ಹಾಕಿಕೊಂಡು ಹೋಗಿ, ನಂಬರಿನ ಚೀಟಿಯನ್ನು ತಾನೇ ಕಟ್ಟಿದ. ಎಲ್ಲರಿಗೂ, ಇವಳು ನಮ್ಮನೆ ಹುಡುಗಿ, ನೋಡ್ತಿರಿ ಹೆಂಗೆ ತುಳೀತಾಳೆ ಅಂತ, ಎಂದು ಹೇಳಿದ. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ನನ್ನ ಸೈಕಲ್ಲಿಗೆ ಗೇರ್ ಇಲ್ಲ. ಕ್ಯಾನ್ ಕಟ್ಟುವ ಕ್ಯಾರಿಯರ್ ಬಿಚ್ಚಿಟ್ಟು ಹೋಗಿದ್ದೆ, ಅಷ್ಟೇ. ಇಂಥ ಸೈಕಲ್ಲಿನಲ್ಲಿ ಏರು ಬಂದಾಗ ನಿಧಾನ ಮಾಡಿದರೆ ನಿಂತೇಬಿಡುತ್ತದೆ. ಎದ್ದು ನಿಂತು ಒಂದೇ ಸಮನೆ ತುಳಿಯುತ್ತಿರಬೇಕು, ಯಾರಿಗೂ ಕಾಯುವ ಹಾಗಿಲ್ಲ. ಇಳಿಜಾರಿನಲ್ಲಿ ಮಾತ್ರ ಬ್ರೇಕು ಸಾಲದೆ ನಾನೇ ಹಿಂದೆ ಬೀಳುತ್ತೇನೆ. ಅದಕ್ಕೆ ಪ್ರಶಾಂತಣ್ಣ ಮೊದಲೇ ಒಂದು ಮಾತು ಮಾಡಿಕೊಂಡಿದ್ದ. ಏರಿನಲ್ಲಿ ನೀನು ಮುಂದೆ ಹೋಗು, ಇಳಿಜಾರು ಮುಗಿಯುವಲ್ಲಿ ನಾನು ನಿನಗೆ ಕಾಯುತ್ತೇನೆ ಎಂದಿದ್ದ. ಕಳಸದವರೆಗೆ ಹಾಗೇ ನಡೆಯಿತು.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಕಳಸ ಬಿಟ್ಟೆವು. ಹಿರೇಬೈಲಿನ ಹತ್ತಿರದ ಏರಿನಲ್ಲಿ ನಾನು ಅವನನ್ನು ದಾಟಿದೆ. ಹಿಂದೆ ಬರುತ್ತಿದ್ದ ಚಿಕ್ಕಮಗಳೂರಿನ ಸವಾರರೊಬ್ಬರು, "ಪ್ರಶಾಂತೂ, ನಿನ್ ಅಷ್ಟೂ ಗೇರಿಗಿಂತ ಹಾಲಿನ ಸೈಕಲ್ಲೇ ವಾಸಿ ಕಣೋ! ನಾಳೆಯಿಂದ ನೀನೂ ಅರ್ಧ ಲೀಟರ್ ಹಾಕ್ಸ್ಕೋ!" ಎಂದು ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನಗಲಿಲ್ಲ ಎಂಬುದು ನನಗೆ ಆಗ ತಿಳಿಯಲಿಲ್ಲ, ಏಕೆಂದರೆ ನಾನು ಮುಂದಿದ್ದೆ.

ಏರು ಮುಗಿದು ಇಳಿಜಾರು ಶುರುವಾಯಿತು. ನಾನು ಎಡಬದಿ ಹಿಡಿದು ನಿಧಾನವಾಗಿ ಇಳಿಯುತ್ತಿದ್ದೆ. ಎರಡನೇ ತಿರುವಿನಲ್ಲಿ ಹಿಂದಿನಿಂದ ಪ್ರಶಾಂತಣ್ಣ "ಸರ್ಕೊಳ್ಳೇ, ಜಾಗ ಬಿಡೇ" ಎಂದು ಕೂಗಿದ್ದು ಕೇಳಿಸಿತು. ಬಿಡಲು ಜಾಗ ಇರಲಿಲ್ಲ. ಅವನ ಹ್ಯಾಂಡಲ್ ನನ್ನ ಬಲ ಮೊಣಕೈಗೆ ಬಡಿಯಿತು. ನಾನು ಎಡಗಡೆಯ ಚರಂಡಿಗೆ ಬಿದ್ದೆ, ಸೈಕಲ್ ರಸ್ತೆಯ ಅಂಚಿನಲ್ಲೇ ಬಿತ್ತು. ಆಗ ಸುಮಾರು ಒಂದೂ ಕಾಲು ಗಂಟೆ. ರಸ್ತೆಯಲ್ಲಿ ಜೀಪಾಗಲಿ ಬೇರೆ ವಾಹನವಾಗಲಿ ಇರಲಿಲ್ಲ.

ಅವನು ಸ್ವಲ್ಪ ಕೆಳಗೆ ಹೋಗಿ ನಿಲ್ಲಿಸಿ ಹತ್ತಿಕೊಂಡು ಬಂದ. ನನಗೆ ಎಡಭುಜ ಎತ್ತಲು ಆಗುತ್ತಿರಲಿಲ್ಲ, ಎಡಗಾಲು ಊರಲು ಆಗುತ್ತಿರಲಿಲ್ಲ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕೊಟ್ಟಿಗೆಹಾರದ ಚೆಕ್‌ಪಾಯಿಂಟಿನಲ್ಲಿ ಕ್ಲಬ್ಬಿನ ಗಾಡಿ ಇದೆ, ಹೋಗಿ ಕಳಿಸುತ್ತೇನೆ, ಅಲುಗಾಡಬೇಡ ಎಂದು ಹೇಳಿದ. ನೀರಿನ ಬಾಟಲಿ ಕೈಗೆ ಕೊಟ್ಟ. ರಸ್ತೆಯ ಅಂಚಿನಲ್ಲಿದ್ದ ನನ್ನ ಸೈಕಲನ್ನು ಎತ್ತಿ, ಯಾರಾದರೂ ಹೊತ್ತುಕೊಂಡು ಹೋದರೆ ಕಷ್ಟ ಎಂದು ಹೇಳಿ, ಬೇಲಿಯಾಚೆ ಕಾಫಿ ಗಿಡಗಳ ನಡುವೆ ಮಲಗಿಸಿದ. ಆಮೇಲೆ ಹೋದ.

ಚರಂಡಿ ಆಳವಾಗಿತ್ತು, ಮೇಲೆ ಜರಿಗಿಡ ಬಾಗಿತ್ತು. ಆಮೇಲೆ ಹತ್ತೋ ಹನ್ನೆರಡೋ ಸವಾರರು ಮಾತಾಡಿಕೊಂಡು ಹೋದರು. ನಾನು ಕೂಗಲಿಲ್ಲ. ಗಾಡಿ ಬರುತ್ತಿರುವಾಗ ಸುಮ್ಮನೆ ಕೂಗಿ ಅವರ ಹೊತ್ತು ಯಾಕೆ ಹಾಳು ಮಾಡಲಿ ಎಂದುಕೊಂಡೆ. ಎರಡೂವರೆಯ ಸುಮಾರಿಗೆ ಕ್ಲಬ್ಬಿನ ಬಿಳಿ ಗಾಡಿ ಕೊಟ್ಟಿಗೆಹಾರದ ಕಡೆಯಿಂದ ಬಂತು. ಜರಿಗಿಡದ ಸಂದಿನಿಂದ ಅದರ ಮೇಲಿನ ಹಳದಿ ಬ್ಯಾನರ್ ಕಂಡಿತು. ಬಲಗೈ ಎತ್ತಿದೆ. ಗಾಡಿ ವೇಗ ಕಡಿಮೆ ಮಾಡದೆ ಕಳಸದ ಕಡೆಗೆ ಹೋಯಿತು. ಜಾಗ ಗೊತ್ತಾಗದೆ ಮುಂದೆ ಹೋಗಿದ್ದಾರೆ, ತಿರುಗಿಸಿಕೊಂಡು ಬರುತ್ತಾರೆ ಎಂದುಕೊಂಡೆ. ವಾಪಸ್ಸೂ ಬಂತು. ಆಗ ಕೂಗಿದೆ. ಗಾಜು ಏರಿಸಿದ್ದರು, ಒಳಗೆ ಹಾಡು ಹಾಕಿದ್ದರು. ನಿಲ್ಲಲಿಲ್ಲ. ಆಮೇಲೆ ಕೂಗಿದರೆ ಕೇಳುವವರು ಯಾರೂ ಇರಲಿಲ್ಲ.

ನಾಲ್ಕೂವರೆ ದಾಟಿದ ಮೇಲೆ ಕಾಫಿ ಕುಯ್ಲಿನ ಹೆಂಗಸರನ್ನು ತುಂಬಿಕೊಂಡು ಎಸ್ಟೇಟಿನ ಜೀಪೊಂದು ಬಂತು. ಓಡಿಸುತ್ತಿದ್ದವರು ಲಕ್ಕಯ್ಯನವರು. ಅಲ್ಲಿಯವರೆಗೆ ನಾನು ಅವರನ್ನು ನೋಡಿದವಳಲ್ಲ. ಹಿಂದೆ ಕುಳಿತಿದ್ದ ಬಸಮ್ಮ ಎಂಬುವರು ಎತ್ತರದಿಂದ ನನ್ನ ಹೆಲ್ಮೆಟ್ ಕಂಡು ಕೂಗಿ ಜೀಪು ನಿಲ್ಲಿಸಿದರು. ಬಸಮ್ಮನೇ ಬಗ್ಗಿ ನೋಡಿ, "ಯಾರ್ ಮನೆ ಕೂಸೇ ನೀನು? ಚರಂಡೀಲಿ ಯಾವ್ ಕಾಫಿ ಕುಯ್ತಿದ್ದೀಯೇ?" ಎಂದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಲಕ್ಕಯ್ಯನವರು ಹೆಂಗಸರನ್ನೆಲ್ಲ ಇಳಿಸಿ, ಗೋಣಿಚೀಲ ಹಾಸಿ ನನ್ನನ್ನು ಮಲಗಿಸಿದರು. ದಿನವಿಡೀ ಕುಯ್ದು ಬಂದ ಆ ಹೆಂಗಸರು ನಡೆದುಕೊಂಡೇ ಎಸ್ಟೇಟಿನ ಕೂಲಿಯವರ ಲೈನ್ ಮನೆಗೆ ಹೋದರು. ಬಸಮ್ಮ ಮಾತ್ರ ನನ್ನ ತಲೆ ಹಿಡಿದು ಕುಳಿತರು. ಮೂಡಿಗೆರೆಯವರೆಗೂ ಲಕ್ಕಯ್ಯನವರು ಪ್ರತಿ ಗುಂಡಿಗೂ ಮೊದಲೇ, "ಗುಂಡಿ ಬಂತು ಕಣವ್ವ, ತಡ್ಕ" ಎಂದು ಹೇಳುತ್ತಿದ್ದರು. ಆಸ್ಪತ್ರೆಗೆ ಸೇರಿಸಿ, ಅಪ್ಪನಿಗೆ ಫೋನ್ ಮಾಡಿ, ಅವರು ಬಂದ ಮೇಲೆಯೇ ಹೋದರು.

ಸೋಮವಾರ ಬೆಳಿಗ್ಗೆ ಲಕ್ಕಯ್ಯನವರು ನಾನು ಹೇಳಿದ ಜಾಗದಲ್ಲಿ ನನ್ನ ಸೈಕಲನ್ನು ಹುಡುಕಿ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದಿದ್ದರು. ಇಬ್ಬರು ಪೊಲೀಸಿನವರು ಅವರೊಡನೆ ಮಾತಾಡಿ ಕರೆದುಕೊಂಡು ಹೋಗುವುದು ಕಿಟಕಿಯಲ್ಲಿ ಕಂಡಿತು. ನನ್ನನ್ನು ಉಳಿಸಿದ್ದಕ್ಕೆ ಹೊಗಳಲು ಕರೆದಿದ್ದಾರೆ ಎಂದುಕೊಂಡೆ.

ಹನ್ನೊಂದು ಗಂಟೆಗೆ ಕೊಟ್ಟಿಗೆಹಾರದ ಚೆಕ್‌ಪಾಯಿಂಟ್ ನೋಡಿಕೊಂಡಿದ್ದ ರಾಜೀವ್ ಎಂಬುವರು ಬಾಳೆಹಣ್ಣು ತೆಗೆದುಕೊಂಡು ಬಂದರು. ಕುಳಿತುಕೊಳ್ಳುವ ಮೊದಲೇ, "ಅಲ್ಲಮ್ಮ, ಬಸ್ ಹತ್ತಿ ಹೋದೋಳಿಗೆ ಜೀಪು ಎಲ್ಲಿ ಗುದ್ತು?" ಎಂದು ಕೇಳಿದರು. ಯಾವ ಬಸ್ಸು ಎಂದು ಕೇಳಿದೆ. ಕವನಾಗೆ ಸುಸ್ತಾಯಿತು, ಸೈಕಲ್ ಸಮೇತ ಬಸ್ ಹತ್ತಿ ಮನೆಗೆ ಹೋದಳು ಎಂದು ಪ್ರಶಾಂತ್ ಹೇಳಿದ, ನಿಮ್ಮ ಹೆಸರು ಹೊಡೆದುಹಾಕಿದೆವು ಎಂದರು. ಹೇಳುವಾಗ ಅವನು ಏನು ಮಾಡುತ್ತಿದ್ದ ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ನೀರ್ದೋಸೆ ತಿನ್ನುತ್ತಿದ್ದ, ಇನ್ನೊಂದು ಪ್ಲೇಟ್ ಹಾಕಿಸಿಕೊಂಡ ಎಂದರು.

ಮಧ್ಯಾಹ್ನ ಪ್ರಶಾಂತಣ್ಣ ಬಂದ. ಜೀಪು ನನಗೆ ಗುದ್ದಿದ್ದನ್ನು ಕಣ್ಣಾರೆ ಕಂಡೆ ಎಂದು ತಾನು ದೂರು ಕೊಟ್ಟಿರುವುದಾಗಿ ಅವನೇ ಹೇಳಿದ. ಲಕ್ಕಯ್ಯನವರನ್ನು ಕರೆದೊಯ್ದದ್ದು ಯಾಕೆ ಎಂದು ಆಗ ತಿಳಿಯಿತು. "ಜೀಪಿಗೆ ಇನ್ಶೂರೆನ್ಸ್ ಇರುತ್ತೆ ಮಾರಾಯ್ತಿ. ಅವ್ನ ಗಂಟೇನ್ ಹೋಗುತ್ತೆ? ನಿನ್ ಭುಜದ ಆಪರೇಷನ್ ಆಗೋಗುತ್ತೆ. ನೀನ್ ಹೂಂ ಅಂದ್ರೆ ಸಾಕು" ಎಂದ.

ಬಸ್ ಹತ್ತಿ ಹೋದಳು ಎಂದು ಯಾಕೆ ಹೇಳಿದೆ ಎಂದು ಕೇಳಿದೆ. ಹ್ಯಾಂಡಲ್ ತಾಗಿಸಿ ಬೀಳಿಸಿದೆ ಎಂದು ಗೊತ್ತಾದರೆ ತನ್ನನ್ನು ಅಲ್ಲೇ ನಿಲ್ಲಿಸಿಬಿಡುತ್ತಿದ್ದರು, ಇನ್ನು ಮೂಡಿಗೆರೆ ದಾಟಿದರೆ ಮುಗಿಯಿತಲ್ಲ ಎಂದುಕೊಂಡೆ, ಅಷ್ಟರಲ್ಲಿ ಆ ರಸ್ತೆಯಲ್ಲಿ ಯಾರಾದರೂ ನಿನ್ನನ್ನು ನೋಡೇ ನೋಡುತ್ತಾರೆ ಎಂದುಕೊಂಡೆ ಎಂದ.

"ನೋಡ್ಲಿ ಅಂತಿದ್ರೆ ಸೈಕಲ್ ಯಾಕೆ ಗಿಡದೊಳಗೆ ಮಲಗಿಸ್ದೆ ಅಣ್ಣ?" ಎಂದೆ.

ಅವನು ಎದ್ದು ಹೋಗಿ ಅಪ್ಪನ ಹತ್ತಿರ ಮಾತಾಡಿದ. ಸಂಜೆ ಅಪ್ಪ ನನ್ನ ಹತ್ತಿರ ಬಂದು, ಒಂದೇ ಮನೆಯವರು, ನಾಳೆ ನಿನ್ನ ಮದುವೆಗೂ ಅವನೇ ಮುಂದೆ ನಿಲ್ಲಬೇಕು, ಡ್ರೈವರಿಗೆ ಏನೂ ಆಗುವುದಿಲ್ಲವಂತೆ ಎಂದು ಹೇಳಿದರು. ಅಪ್ಪ ನನ್ನ ಮುಖ ನೋಡಿ ಹೇಳಲಿಲ್ಲ. ನನ್ನ ಕಾಲಿನ ಪಟ್ಟಿಯನ್ನು ನೋಡಿಕೊಂಡು ಹೇಳಿದರು.

ಏನೂ ಆಗುವುದಿಲ್ಲ ಎಂಬುದು ಸುಳ್ಳು. ಲಕ್ಕಯ್ಯನವರು ನಿನ್ನೆಯಿಂದ ಠಾಣೆಯಲ್ಲಿದ್ದಾರೆ, ಜೀಪು ಅಲ್ಲೇ ನಿಂತಿದೆ, ಎಸ್ಟೇಟಿನವರು ಬೇರೆ ಡ್ರೈವರನ್ನು ಹುಡುಕುತ್ತಿದ್ದಾರೆ ಎಂದು ತನುಜಾ ಮೇಡಂ ಹೇಳಿದರು. ಬೀಳಿಸಿದ್ದಕ್ಕೆ ನಾನು ಪ್ರಶಾಂತಣ್ಣನ ಮೇಲೆ ದೂರು ಕೊಡುತ್ತಿರಲಿಲ್ಲ. ಇಳಿಜಾರಿನಲ್ಲಿ ಯಾರಿಗಾದರೂ ಕೈ ತಪ್ಪುತ್ತದೆ. ನಾನು ಚರಂಡಿಯಲ್ಲಿ ಅವನ ಮಾತು ನಂಬಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಇನ್ನೊಂದು ಸಲ ಮುಚ್ಚಿಕೊಳ್ಳಲು ಆಗುವುದಿಲ್ಲ. ಲಕ್ಕಯ್ಯನವರನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಅಪ್ಪ ತಿಂಡಿ ತರಲು ಕೆಳಗೆ ಹೋದಾಗ ತನುಜಾ ಮೇಡಂ ಅವರ ಫೋನ್ ಕೇಳಿ ಲಕ್ಕಯ್ಯನವರ ಮನೆಗೆ ಮಾತಾಡಿದೆ. ಅವರ ಹೆಂಡತಿ ಎತ್ತಿದರು. ನಾನು ಯಾರೆಂದು ಹೇಳಿದೆ. ಮಧ್ಯಾಹ್ನದ ಅಡುಗೆಗೆ ಲಕ್ಕಯ್ಯನವರದೂ ಸೇರಿಸಿ ಅಕ್ಕಿ ಹಾಕಿ ಎಂದು ಹೇಳಿ ಫೋನ್ ಇಟ್ಟೆ.

ಇಷ್ಟನ್ನೂ ಯಾರೂ ಹೇಳಿಕೊಟ್ಟು ಬರೆಸಿಲ್ಲ. ನನಗೆ ಆದದ್ದನ್ನು, ನಾನು ಕಂಡು ಕೇಳಿದ್ದನ್ನು ಇದ್ದ ಹಾಗೇ ಬರೆದು, ತನುಜಾ ಮೇಡಂ ಅವರಿಗೆ ಓದಲು ಕೊಟ್ಟು ಸಹಿ ಮಾಡಿದ್ದೇನೆ.

ಸ್ಥಳ: ಮೂಡಿಗೆರೆ
ದಿನಾಂಕ: 13-01-2026
(ಸಹಿ) ಕವನಾ