ಇಟ್ಟಿಗೆ ಕೆಂಪು

ಅಲುಗಾಡಬೇಡ ಅಂದೆನಲ್ಲೇ! ಯಾಕೆ ನಗ್ತೀಯ? ನಕ್ರೆ ತುಟಿ ಗಾಯ ಮತ್ತೆ ಬಿಟ್ಕೊಳ್ಳುತ್ತೆ, ಆಮೇಲೆ ಅಕ್ಕಾ ಅಕ್ಕಾ ಅಂತ ನನ್ನ ಪ್ರಾಣ ತಿಂತೀಯ. ಮುಖ ಕಿಟಕಿ ಕಡೆ ತಿರುಗಿಸು. ಇನ್ನೂ ಸ್ವಲ್ಪ... ಹಾಂ, ಹಾಗೇ ಇರು. ಲಿಪ್‌ಸ್ಟಿಕ್ಕನ್ನ ಯಾವತ್ತೂ ಟ್ಯೂಬ್‌ಲೈಟ್ ಕೆಳಗೆ ಆರಿಸಬಾರದು ಕಣೇ ಗುಬ್ಬಿ. ಅಂಗಡಿ ಬೆಳಕಲ್ಲಿ ಎಲ್ಲರೂ ರಾಣಿಯರೇ! ಬಿಸಿಲಿಗೆ ಬಂದ್ರೆ ತಾನೇ ಬಂಡವಾಳ ಬಯಲಾಗೋದು. ಒಂಬತ್ತು ವರ್ಷ ಆ ಕೌಂಟರ್ ಹಿಂದೆ ನಿಂತು ನಿಂತು ಮಂಡಿ ಸವೆಸಿದ್ದೀನಿ, ಇಷ್ಟಾದ್ರೂ ಗೊತ್ತಿರಬೇಡ್ವಾ?

ಏನು? ಕೆಲಸ ಸಿಗುತ್ತಾ ಅಂತಲಾ? ಸಿಗುತ್ತೆ, ಸಿಗುತ್ತೆ. ನಾಲ್ಕು ಗಂಟೆಗೆ ನಮ್ಮಂಗಡಿ ಮ್ಯಾನೇಜರ್ ನೋಡ್ತಾರೆ ಅಂದೆನಲ್ಲ, ಎಷ್ಟು ಸಲ ಕೇಳ್ತೀಯ! ಗೊತ್ತು ಕಣೇ, ಕೆಲಸ ಸಿಕ್ರೆ ಒಂದು ರೂಮು, ರೂಮಾದ್ರೆ ಆ ಗಂಡನ ಮುಖ ಜನ್ಮದಲ್ಲಿ ನೋಡೋ ಹಾಗಿಲ್ಲ. ಹತ್ತು ದಿನದಿಂದ ಅದೇ ಜಪ ನಿಂದು. ನನ್ನ ಮನೆಗೆ ಬಂದ ದಿನ ಬಾಯೇ ತೆಗೀತಿರ್ಲಿಲ್ಲ, ಈಗ ನೋಡು, ಮುಚ್ಚಲ್ಲ. ಸಂತೋಷಾನೇ ಬಿಡು. ನಿಜವಾಗ್ಲೂ ಸಂತೋಷ.

ಕೈ ಕೊಡು. ಅಂಗೈ ಮೇಲೆ ಮಾಡು, ಮಣಿಕಟ್ಟಿನ ನರ ನೋಡ್ಬೇಕು. ನೀಲಿ ಕಂಡ್ರೆ ಗುಲಾಬಿ ಕಡೆಯ ಕೆಂಪು ಒಪ್ಪುತ್ತೆ, ಹಸಿರು ಕಂಡ್ರೆ... ಅಯ್ಯೋ. ಏನಿಲ್ಲ. ಇದು ನರದ ನೀಲಿ ಅಲ್ಲ ಕಣೇ, ಬೆರಳಿಂದು. ಒಂದು, ಎರಡು... ಇನ್ನೂ ಮಾಸಿಲ್ವಲ್ಲ! ಅವನ ಕೈ ಸೇದಿಹೋಗ. ಬಿಡು, ಆ ಕೈ ಕೊಡು. ಹಾಂ, ಹಸಿರು. ನಿಂದು ಅಮ್ಮನ ಮೈಬಣ್ಣ. ನನಗೆ ಬಂದಿದ್ದು ಅಪ್ಪನ ಬಣ್ಣ, ಏನು ಹಚ್ಚಿದ್ರೂ ಅಷ್ಟಕ್ಕಷ್ಟೇ.

ಇದಾ? ಚೆನ್ನಾಗಿ ಆರಿಸಿದೆ ಬಿಡು! ಈ ಕೆಂಪಲ್ಲಿ ನೀಲಿ ಛಾಯೆ ಇದೆ ಕಣೇ. ಹಲ್ಲು ಬೆಳ್ಳಗೆ ಕಾಣುತ್ತೆ ಅಂತ ಎಲ್ಲರೂ ಇದಕ್ಕೇ ಮುಗಿಬೀಳ್ತಾರೆ. ಆದ್ರೆ ನಿನ್ನ ತುಟಿ ಮೂಲೇಲಿ ಕಂದಿದೆಯಲ್ಲ, ಆ ನೀಲೀನೂ ಇದು ಎತ್ತಿ ತೋರಿಸುತ್ತೆ. ಆ ಕಿತ್ತಳೆ ಕೆಂಪು ಹಚ್ಚಿದ್ರೆ ನೀನು ಮೈಲಿ ದೂರಕ್ಕೆ ಕಾಣ್ತೀಯ, ಬೇಡಮ್ಮಾ. ಮೊನ್ನೆ ಒಬ್ಬಾಕೆ ಅದೇ ಬೇಕು ಅಂತ ಹಟ ಹಿಡಿದಳು. ಯಾಕಮ್ಮಾ ಅಂದ್ರೆ, ನಮ್ಮ ನಾದಿನಿ ಹಚ್ಚಿದ್ಲು, ಅವಳಿಗಿಂತ ನಾನೇನು ಕಮ್ಮಿ ಅಂತಾಳೆ! ಇಲ್ಲಿ ನೋಡು, ಇದು ನಿನಗೆ. ಇಟ್ಟಿಗೆ ಕೆಂಪು. ನೀಲಿ ಇರೋ ಕಡೆ ಮೊದ್ಲು ಇದನ್ನೇ ಒಂಚೂರು ತಟ್ಟಿ, ಮೇಲೆ ಪೌಡರ್ ಒತ್ತಿಬಿಟ್ರೆ ಆಯ್ತು, ಹೊಡೆದೋನಿಗೇ ಗುರುತು ಸಿಗಲ್ಲ.

ಸ್ ಸ್... ಉರೀತಾ? ಮೆಲ್ಲಗೆ ಹಚ್ತೀನಿ ಇರು. ಮೇಲಿನ ತುಟಿ ಮುಗೀತು. ಇದು ಮ್ಯಾಟ್ ಅಲ್ಲ, ಸ್ವಲ್ಪ ಎಣ್ಣೆ ಪಸೆ ಇರೋದು. ಒಣ ತುಟಿಗೆ ಮ್ಯಾಟ್ ಹಚ್ಚಿದ್ರೆ ಬಿರುಕೆಲ್ಲ ಎದ್ದು ಕಾಣುತ್ತೆ, ಅವನಿಗೂ ಅದನ್ನೇ ಹೇಳ್ದೆ...

ಯಾರಿಗೆ ಅಂದ್ಯಾ? ಅದೇ... ಗಿರಾಕಿಗೆ. ಗಂಡಸರೂ ಬರ್ತಾರೆ ಕಣೇ. ಹೆಂಡತಿಗೆ ಅಂತ, ಇನ್ಯಾರಿಗೋ ಅಂತ. ಅದನ್ಯಾಕೆ ಕಸ್ಕೊಂಡೆ? ಕೊಡಿಲ್ಲಿ. ಬುಡದಲ್ಲಿ ಏನು ಹುಡುಕ್ತೀಯ? ಗಿರಾಕಿಗೆ ಹಚ್ಚಿ ತೋರಿಸೋದಕ್ಕೆ ಅಂಟಿಸಿರೋ ಟೆಸ್ಟರ್ ಚೀಟಿ ಇಲ್ಲ, ಹೌದು. ಹೊಸದು. ನಾನೇ... ನಿನಗೋಸ್ಕರ ನಾನೇ...

ಯಾಕೆ ಹಾಗೆ ನೋಡ್ತೀಯ?

ಗುಬ್ಬಿ, ಇಷ್ಟು ಹೊತ್ತು ವಟಗುಟ್ತಿದ್ದೋಳು. ಏನಾದ್ರೂ ಕೇಳೇ.

ಬಂದಿದ್ದ. ನಿನ್ನ ಗಂಡಾನೇ. ನೀನೆಲ್ಲಿ ಅಂತ ಕೇಳಲೇ ಇಲ್ಲ ಕಣೇ, ಅಂಥಾ ಚಾಲಾಕಿ! ಹೆಂಡತಿಗೊಂದು ಕೆಂಪು ಲಿಪ್‌ಸ್ಟಿಕ್ ಬೇಕು ಅತ್ತಿಗೆ, ಅವಳ ಬಣ್ಣಕ್ಕೆ ಯಾವುದು ಒಪ್ಪುತ್ತೆ ಅಂದ. ದಿನಕ್ಕೆ ನೂರು ಜನ ಕೇಳೋ ಪ್ರಶ್ನೆ. ನನ್ನ ನಾಲಿಗೆಗೆ ಬೆಂಕಿ ಬೀಳ, ಗಿರಾಕಿಗೆ ಹೇಳೋ ಹಾಗೇ ಹೇಳ್ಬಿಟ್ಟೆ. ಇಟ್ಟಿಗೆ ಕೆಂಪು ಒಪ್ಪುತ್ತೆ, ಮ್ಯಾಟ್ ಮಾತ್ರ ಬೇಡ, ತುಟಿ ತುಂಬಾ ಒಣಗಿದೆ, ಎಡಗಡೆ ಗಾಯ ಇನ್ನೂ ಹಸಿ ಇದೆ ಅಂತ! ಮಾತು ಮುಗಿಯೋ ಹೊತ್ತಿಗೆ ಅವನು ನಗ್ತಿದ್ದ. ಹಾಗಾದ್ರೆ ನಿಮ್ಮನೇಲೇ ಇದ್ದಾಳೆ ಅನ್ನಿ, ಅಂದ.

ಬಾಯಿ ತಪ್ಪಿ ಬಂದದ್ದು ಕಣೇ. ಬೇಕು ಅಂತ ಅಲ್ಲ. ಅಷ್ಟೇ ಆಗಿದ್ದು.

ಅಷ್ಟೇ ಅಂದೆನಲ್ಲ! ಇನ್ನೇನು ಹೇಳ್ಲಿ ನಿನಗೆ? ಹಾಗೆ ಸುಮ್ನೆ ಕೂರಬೇಡ, ನನಗೆ ಹೆದರಿಕೆ ಆಗುತ್ತೆ. ಕೂಗಾಡು, ಏನಾದ್ರೂ ಎತ್ತಿ ಹೊಡಿ...

ಸರಿ. ಅಷ್ಟೇ ಅಲ್ಲ.

ಮಾರನೇ ದಿನಾನೂ ಬಂದ, ಅದರ ಮಾರನೇ ದಿನಾನೂ. ಬೆಳಿಗ್ಗೆಯಿಂದ ಕೌಂಟರ್ ಎದುರಿಗೇ ನಿಂತ. ಅತ್ತ. ಜನ ಎಲ್ಲ ನೋಡೋ ಹಾಗೆ ಅತ್ತ. ಮ್ಯಾನೇಜರ್ ಕರೆದು ಹೇಳಿದ್ರು, ಮನೆ ಜಗಳ ಮನೇಲಿಟ್ಟು ಬಾ, ಇಲ್ಲಾಂದ್ರೆ ನೀನೂ ಮನೇಲೇ ಇರು ಅಂತ. ಹೆದರಿಬಿಟ್ಟೆ ಕಣೇ. ಇನ್ನೊಂದು ಸಲ ಕೈ ಎತ್ತಲ್ಲ ಅಂತ ಆಣೆ ಹಾಕಿದ. ನಂಬಿದೆಯಾ ಅಂತ ಕೇಳ್ಬೇಡ. ನಂಬಿರ್ಲಿಲ್ಲ. ಆದ್ರೂ, ಇವತ್ತು ನಾಲ್ಕಕ್ಕೆ ಮನೆಗೆ ಬನ್ನಿ, ನಾನು ರೆಡಿ ಮಾಡಿ ಕೂರಿಸ್ತೀನಿ ಅಂದೆ. ಕೆಲಸಾನೂ ಇಲ್ಲ, ಮ್ಯಾನೇಜರ್ ನೋಡೋದೂ ಇಲ್ಲ. ಹಾಗನ್ನದೇ ಇದ್ದಿದ್ರೆ ನೀನು ಮುಖ ಕೊಟ್ಟು ಕೂರ್ತಿದ್ಯಾ? ಈ ಲಿಪ್‌ಸ್ಟಿಕ್ಕೂ ಅವನೇ ತಗೊಂಡದ್ದು. ಇದನ್ನೇ ಹಚ್ಚಿ ಕಳಿಸಿ, ಬೀದೀಲಿ ಗಾಯ ಕಾಣಬಾರದು ಅಂದ.

ಈಗಲೂ ಏನೂ ಕೆಟ್ಟಿಲ್ಲ. ಹೋಗಲ್ಲ ಅನ್ನು. ಒಂದೇ ಒಂದು ಮಾತು ಹೇಳು, ಚಿಲಕ ಹಾಕಿ ಬರ್ತೀನಿ. ಆಗಿದ್ದಾಗ್ಲಿ, ಕೆಲಸ ಹೋದ್ರೆ ಹೋಗ್ಲಿ...

ಇದ್ಯಾಕೆ, ಲಿಪ್‌ಸ್ಟಿಕ್ ಮತ್ತೆ ನನ್ನ ಕೈಗೇ ಇಡ್ತೀಯ? ಕಣ್ಣು ಯಾಕೆ ಮುಚ್ಕೊಂಡೆ? ಬೇಡ ಕಣೇ, ಹಾಗೆ ಮುಖ ಎತ್ತಿ ಕೊಡಬೇಡ. ನಿನ್ನ ದಮ್ಮಯ್ಯ ಅಂತೀನಿ. ಬಯ್ಯೇ ನನ್ನ...

ಮೂರೂವರೆ ಆಯ್ತು.

ಸರಿ. ಕೆಳಗಿನ ತುಟಿ ಅರ್ಧ ಉಳಿದಿದೆ. ಬಾಯಿ ಒಂಚೂರು ತೆರಿ. ಸಾಕು... ಅಯ್ಯೋ, ಗಾಯದ ಮೇಲೇ ಎಳೆದ್ಬಿಟ್ಟೆ. ಮುಖ ಕೂಡ ಕಿವುಚ್ಲಿಲ್ವಲ್ಲೇ ನೀನು? ಗುಬ್ಬೀ... ಉರೀತಿದೆ ಅಂತಾದ್ರೂ ಹೇಳೇ.