ಕೂತ ಮೇಲೆ ಸಹಿ

ರಾತ್ರಿ ಹತ್ತೂಮುಕ್ಕಾಲು. ಎರಡನೇ ಪಾಳಿ ಮುಗಿಸಿಕೊಂಡು ನಮ್ಮ ಚಿಕ್ಕಮ್ಮನ ಮಗಳು ಒಬ್ಬಳೇ ಮನೆಗೆ ಹೊರಟಿದ್ದಳು. ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಒಂದು ಹಾಳು ಬಾವಿ. ಬಾಯಿಗೆ ಚಪ್ಪಡಿ ಎಳೆದು ಎಷ್ಟೋ ಕಾಲವಾಗಿದೆ. ನೀವೆಲ್ಲ ಈಗ ಬಾವಿಯ ಕಡೆಗೇ ಕಿವಿ ಕೊಟ್ಟಿದ್ದೀರಿ, ಗೊತ್ತು ನನಗೆ. ಬಾವಿಯಲ್ಲಿ ಏನೂ ಇರಲಿಲ್ಲ, ಎರಡು ಕಪ್ಪೆ ಬಿಟ್ಟರೆ. ಸದ್ದು ಬಂದದ್ದು ಅದರ ಹಿಂದಿನ ಗೋಡೆಯಾಚೆಯಿಂದ.

ಟಕ್... ಉಸ್ಸ್ಸ್...

ನಿಂತಳು. ಗೋಡೆಯಾಚೆ ಇರುವುದು ಸ್ಟೋರು. ಬೀಗ ಹಾಕಿದವಳು ಇವಳೇ, ಕೀಲಿ ಇವಳ ಸೊಂಟದಲ್ಲೇ ಇದೆ.

ಟಕ್... ಉಸ್ಸ್ಸ್...

ಆ ಸದ್ದು ಯಾವುದರದು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕುರ್ಚಿಯದು.

ಕುರ್ಚಿಯ ಕತೆ ಹೇಳದೆ ಮುಂದೆ ಹೋಗುವ ಹಾಗಿಲ್ಲ, ಸ್ವಲ್ಪ ತಾಳಿ. ಅದು ಕೆಮ್ಮಿನ ಔಷಧಿ ಬಾಟಲಿಗೆ ತುಂಬಿಸುವ ಕಾರ್ಖಾನೆ. ನಲವತ್ತು ಹೆಂಗಸರು ಬಾಟಲಿ ಸಾಗುವ ಬೆಲ್ಟಿನ ಎರಡೂ ಕಡೆ ಎಂಟು ಗಂಟೆ ನಿಂತು ಮುಚ್ಚಳ ತಿರುಗಿಸುತ್ತಾರೆ. ನಮ್ಮವಳು ಆ ಸಾಲಿನ ಮುಖ್ಯಸ್ಥೆ, ಎಲ್ಲರಿಗೂ ಲೈನಕ್ಕ. ಇಪ್ಪತ್ತು ವರ್ಷ ಮುಚ್ಚಳ ತಿರುಗಿಸಿ ಬಲಗೈಯ ಮೂರು ಬೆರಳಿಗೆ ಹಿಡಿದ ಜೋಮು ಬಿಟ್ಟೇ ಇಲ್ಲ. ಸೂಜಿ ಚುಚ್ಚಿದರೂ ಗೊತ್ತಾಗದು. ನಿಂತು ದುಡಿಯುವವರಿಗೆ ಕೂರಲು ಆಸನ ಕೊಡಬೇಕು ಅಂತ ಕಾನೂನಿದೆಯಲ್ಲ, ಅದಕ್ಕೆ ಮ್ಯಾನೇಜರು ನಲವತ್ತು ಒಳ್ಳೇ ಕುರ್ಚಿ ತರಿಸಿದ. ಸೀಟಿನ ಕೆಳಗೆ ಹಿಡಿ ಇರುತ್ತದೆ, ಎಳೆದರೆ ಏರುತ್ತದೆ, ಇಳಿಯುತ್ತದೆ. ತರಿಸಿದವನು ಪ್ಲಾಸ್ಟಿಕ್ ಕವರು ಸಮೇತ ಸ್ಟೋರಿನಲ್ಲಿಟ್ಟ. ಅಧಿಕಾರಿ ತಪಾಸಣೆಗೆ ಬರುವ ದಿನ ಹೊರಗೆ, ಅವರ ಜೀಪು ಗೇಟು ದಾಟಿದರೆ ಒಳಗೆ! ತಿಂಗಳಿಗೊಮ್ಮೆ ಮಾತ್ರ ರಿಜಿಸ್ಟರಿನಲ್ಲಿ ಎಲ್ಲರ ಸಹಿ ಬೀಳಬೇಕು: 'ಆಸನ ಒದಗಿಸಲಾಗಿದೆ.'

ಮೂವತ್ತೊಂಬತ್ತು ಜನ ಹಾಕುತ್ತಿದ್ದರು. ಕುಳ್ಳಿ ಹಾಕುತ್ತಿರಲಿಲ್ಲ.

ಕುಳ್ಳಿ ಅಂದರೆ ಲೈನಕ್ಕನ ಪಕ್ಕದಲ್ಲೇ ಒಂಬತ್ತು ವರ್ಷ ನಿಂತವಳು. ಬೆಲ್ಟು ಅವಳ ಎದೆಮಟ್ಟಕ್ಕೆ ಬರುತ್ತಿತ್ತು. ಅದಕ್ಕೇ ಬಾಟಲಿ ತರುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲುತ್ತಿದ್ದಳು. ಲೈನಕ್ಕ ರಿಜಿಸ್ಟರು ಹಿಡಿದು ಹೋದಾಗಲೆಲ್ಲ ಒಂದೇ ಮಾತು: "ಕೂತ ಮೇಲೆ ಹಾಕ್ತೀನಿ ಬಿಡಕ್ಕ. ನಿಂತ್ಕೊಂಡು ಕೂತಿದ್ದೀನಿ ಅಂತ ಬರೆದ್ರೆ ಆ ಕುರ್ಚಿ ನನ್ನ ನೋಡಿ ನಗಲ್ವಾ?"

"ನಿನ್ನ ಬಾಯಿ ನಿನ್ನಷ್ಟೇ ಕುಳ್ಳಗಿದ್ದಿದ್ರೆ ಚೆನ್ನಾಗಿತ್ತು ಕಣೆ," ಅಂದು ಇವಳು ಮುಂದೆ ಹೋಗುತ್ತಿದ್ದಳು.

ಆ ತಿಂಗಳ ಮೂರನೇ ತಾರೀಕು ಕ್ರೇಟು ಜಾರಿತು. ಬೆಲ್ಟಿನ ಕಬ್ಬಿಣದ ಕಾಲಿಗೆ ಕುಳ್ಳಿಯ ತಲೆ ಬಡಿಯಿತು. ಅಷ್ಟೇ.

ಅಂದಿನಿಂದ ಲೈನಕ್ಕನ ಎದೆಯೂ ಬೆರಳಿನ ಹಾಗಾಯಿತು. ಅಳಲಿಲ್ಲ. ಹಸಿವು ಗೊತ್ತಾಗಲಿಲ್ಲ. ಉಪ್ಪಿಲ್ಲದ ಸಾರನ್ನು ಎರಡು ದಿನ ಉಂಡಳು, ಗಂಡ ಹೇಳಿದ ಮೇಲೇ ತಿಳಿದದ್ದು.

ಹದಿನಾಲ್ಕನೇ ತಾರೀಕು ಸಂಜೆ ಮ್ಯಾನೇಜರು ಕರೆದ. "ನಾಳೆ ಬೆಳಿಗ್ಗೆ ವಿಚಾರಣೆ ಇದೆ. ಆ ಒಂದು ಖಾನೆ ತುಂಬಿಸಿಬಿಡಮ್ಮ. ಒಂದನೇ ತಾರೀಕು ಹಾಕು. ಕುರ್ಚಿ ಕೊಟ್ಟಿದ್ವಿ, ಅವಳೇ ಬಿಟ್ಟು ಕ್ರೇಟ್ ಹತ್ತಿದ್ಲು ಅಂತಾಗತ್ತೆ."

"ಅವಳ ಸಹಿ ನಾನು ಹೇಗೆ ಸಾರ್..."

"ಆಗಲ್ವಾ? ಹಾಗಾದ್ರೆ ನಾಳೆಯಿಂದ ನೀನೂ ಬರೋದು ಬೇಡ."

ಕೈಚೀಲದಲ್ಲಿ ಆ ರಿಜಿಸ್ಟರು ಇಟ್ಟುಕೊಂಡೇ ಅವಳು ಬಾವಿಯ ಹತ್ತಿರ ನಿಂತದ್ದು. ಗಂಡನಿಗೆ ಕೆಲಸವಿಲ್ಲ, ಮಗಳದು ಓದು ಮುಗಿದಿಲ್ಲ. ಮನೆಗೆ ಹೋಗಿ ಹಾಕಿಬಿಡೋಣ ಅಂತಲೇ ಹೊರಟಿದ್ದಳು.

ವಾಪಸು ಗೇಟಿಗೆ ಬಂದಳು. ಕಾವಲಿನ ತಾತ ಟಾರ್ಚು ಹಿಡಿದು ನಿಂತಿದ್ದ.

"ನಿಮಗೂ ಕೇಳ್ತಾ ತಾತ?" ಪಿಸುಗುಟ್ಟಿದಳು.

"ಹನ್ನೊಂದು ದಿನದಿಂದ ಕೇಳ್ತಿದೆ. ಯಾರಿಗೆ ಹೇಳ್ಲಿ? ಮುದುಕನಿಗೆ ಅರಳುಮರಳು ಅಂತ ಮನೆಗೆ ಕಳಿಸ್ತಾರೆ."

ಬೀಗ ತೆಗೆದರು. ಕಿರ್ರ್... ಬಾಗಿಲು. ಒಳಗೆ ಕುರ್ಚಿಗಳು ಸಾಲಾಗಿ, ಕವರು ಹೊದ್ದುಕೊಂಡು. ಒಂದು ಮಾತ್ರ ಸಾಲು ಬಿಟ್ಟು ನಡುವೆ ಬಂದಿತ್ತು. ಅದಕ್ಕೆ ಕವರಿರಲಿಲ್ಲ.

"ಸೀಟಿನ ಕೆಳಗಿನ ಗ್ಯಾಸ್ ಸೋರ್ತಿರಬೇಕು," ಅಂದಳು ಲೈನಕ್ಕ. ಕುರ್ಚಿ ಸಂಗತಿ ಅವಳಿಗೆ ಬೆರಳ ತುದಿಯಲ್ಲಿತ್ತು, ಆ ಬೆರಳಿಗೆ ಜೋಮಿದ್ದರೂ. ಖಾಲಿ ಕುರ್ಚಿಯ ಹಿಡಿ ಎಳೆದರೆ ಸೀಟು ಏರುತ್ತದೆ. ಇಳಿಯುವುದು ಮೇಲೆ ಯಾರಾದರೂ ಕೂತಿದ್ದರೆ ಮಾತ್ರ.

ಬಗ್ಗಿ ಹಿಡಿ ಎಳೆದಳು. ಟಕ್.

ಸೀಟು ಇಳಿಯಿತು... ಉಸ್ಸ್ಸ್... ನಿಧಾನ... ಪೂರ್ತಿ ಕೆಳಗೆ. ಕುಳ್ಳಗಿದ್ದವರ ಪಾದ ನೆಲಕ್ಕೆ ತಾಗುವಷ್ಟು.

ತಾತನ ಟಾರ್ಚು ಕೈಜಾರಿ ಉರುಳಿತು. ಇವಳಿಗೆ ಭಯವೂ ಆಗಲಿಲ್ಲ, ನೋಡಿ. ಸೀಟಿನ ಮೇಲೆ ಬೆರಳಿಟ್ಟಳು, ಏನೂ ತಿಳಿಯಲಿಲ್ಲ. ಮಗುವಿನ ಸ್ನಾನದ ನೀರು ನೋಡುವವರ ಹಾಗೆ ಮೊಣಕೈ ಊರಿದಳು.

ಬೆಚ್ಚಗಿತ್ತು.

ಆಮೇಲೆ ಚೀಲದಿಂದ ರಿಜಿಸ್ಟರು ತೆಗೆದು ಸೀಟಿನ ಮೇಲಿಟ್ಟಳು. "ನನ್ನ ಕೈಲಿ ಆಗಲ್ಲ ಕಣೆ," ಅಂದಳು ಮೆಲ್ಲಗೆ. "ಹೋದ್ರೆ ಹೋಗ್ಲಿ ಕೆಲಸ." ಬೀಗ ಹಾಕಿ ಮನೆಗೆ ಹೋಗಿ ಮಲಗಿದಳು. ನಿದ್ದೆಯೂ ಬಂತಂತೆ.

ಬೆಳಿಗ್ಗೆ ಅಧಿಕಾರಿ ಬಂದರು. ವಯಸ್ಸಾದ ಹೆಂಗಸು, ಮಾತು ಕಡಿಮೆ. ರಿಜಿಸ್ಟರು ಸ್ಟೋರಿನಲ್ಲಿದೆ ಅಂದಳು ಲೈನಕ್ಕ, ಅವರೆದುರೇ ಬೀಗ ತೆಗೆದು ಕೊಟ್ಟದ್ದಾಯಿತು. ಕನ್ನಡಕ ಏರಿಸಿ ಓದಿದರು.

"ಸಹಿ ಇದೆಯಲ್ಲ."

ಮ್ಯಾನೇಜರ ಮುಖ ಅರಳಿತು. "ನಾನು ಹೇಳ್ಲಿಲ್ವಾ ಮೇಡಂ?"

"ತಾರೀಕು ಹದಿನಾಲ್ಕು ಅಂತಿದೆ. ಆಕೆ ತೀರಿಕೊಂಡದ್ದು ಮೂರಕ್ಕಲ್ವೇನ್ರಿ?"

ಮ್ಯಾನೇಜರು ಲೈನಕ್ಕನ ಕಡೆ ಬೆರಳು ಮಾಡಿದ. "ಇವಳೇ ಹಾಕಿರೋದು! ತಾರೀಕು ಹಾಕೋಕೂ ಬರಲ್ಲ ಇವಳಿಗೆ!"

ಅಧಿಕಾರಿ ತಮ್ಮ ಪೆನ್ನು, ಹಾಳೆ ಕೊಟ್ಟರು. "ನಿಮ್ಮ ಹೆಸರು ಬರೀರಮ್ಮ." ಪೆನ್ನು ಬಿತ್ತು. ಎತ್ತಿ ಕೊಟ್ಟರು. ಮತ್ತೆ ಬಿತ್ತು. ಮೂರನೇ ಸಲ ಇವಳು ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಎರಡು ಅಕ್ಷರ ಗೀಚಿದಳು. ರಿಜಿಸ್ಟರಿನ ಸಹಿ ದುಂಡಗೆ, ಮಣಿ ಪೋಣಿಸಿದ ಹಾಗಿತ್ತು. ಅಧಿಕಾರಿ ಪೆನ್ನನ್ನಲ್ಲ, ಅವಳ ಬೆರಳನ್ನು ನೋಡುತ್ತಿದ್ದರು.

"ಎಷ್ಟು ವರ್ಷದಿಂದ ಹೀಗೆ?"

"ಲೆಕ್ಕ ಇಟ್ಟಿಲ್ಲ ಮೇಡಂ."

"ಆವತ್ತು ಕುರ್ಚಿ ಇತ್ತಾ?"

"ಇರಲಿಲ್ಲ. ಕವರೇ ಬಿಚ್ಚಿರಲಿಲ್ಲ."

ಎರಡನ್ನೂ ಬರೆದುಕೊಂಡರು. ಅಂದು ಮಧ್ಯಾಹ್ನವೇ ನಲವತ್ತು ಕುರ್ಚಿಯೂ ಬೆಲ್ಟಿನ ಪಕ್ಕಕ್ಕೆ ಬಂದವು, ಈಗಲೂ ಅಲ್ಲೇ ಇವೆ, ಹೋಗಿ ನೋಡಿ.

ರಾತ್ರಿ ಯಾರೋ ಒಳಗೆ ನುಗ್ಗಿ ಬರೆದಿರಬೇಕು ಅಂತ ನಮ್ಮ ಭಾವಮೈದ ವಾದ ಮಾಡುತ್ತಾನೆ. ಮಾಡಲಿ. ಬೀಗ ಹಾಗೇ ಇತ್ತು, ತಾತ ಬೆಳಗಿನವರೆಗೂ ಅದೇ ಬಾಗಿಲಿಗೆ ಒರಗಿ ಕೂತಿದ್ದ. ಇನ್ನೊಂದು ಮಾತು. ಆ ರಿಜಿಸ್ಟರಿಗೆ ದಾರ ಕಟ್ಟಿದ ನೀಲಿ ಪೆನ್ನು ಇರುತ್ತಿತ್ತು. ಹಿಂದಿನ ವಾರವೇ ದಾರ ಹರಿದು ಲೈನಕ್ಕನ ಚೀಲ ಸೇರಿತ್ತು. ಆ ರಾತ್ರಿ ಚೀಲ ಇದ್ದದ್ದು ಅವಳ ಮನೆಯ ಗೂಟದಲ್ಲಿ. ಸ್ಟೋರಿನೊಳಗೆ ಪೆನ್ನೇ ಇರಲಿಲ್ಲ ಕಣ್ರೀ.