ಓರಿನ್ ಭಾವನ ಗಾಲ್ಫ್ ಗಾಡಿ

ನಗೋದಿದ್ರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ನಕ್ಕರೆ ನನಗೆ ಸಿಟ್ಟು ಬರುತ್ತೆ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗ ವೆಂಡೆಲ್‌ಗೆ ಆಗಿದ್ದು. ಇಲ್ಲೇ, ವಿಸ್ಕಾನ್ಸಿನ್‌ನ ನಮ್ಮ ಕೆರೆ ದಂಡೆ ಮೇಲೆ.

ಜನವರಿ ತಿಂಗಳು. ಐದು ಗಂಟೆಗೆಲ್ಲ ಕಗ್ಗತ್ತಲೆ. ವೆಂಡೆಲ್ ಶೆಡ್ಡಿಗೆ ಬೀಗ ಹಾಕ್ಕೊಂಡು, ಹಳೇ ಬಾವಿ ಪಕ್ಕದ ದಾರೀಲಿ ಅಕ್ಕನ ಮನೆಗೆ ನಡ್ಕೊಂಡು ಹೋಗ್ತಿದ್ದ. ಶೆಡ್ಡಲ್ಲಿದ್ದದ್ದು ಅಕ್ಕನ ಗಂಡ ಓರಿನ್ ಭಾವನ ಗಾಲ್ಫ್ ಗಾಡಿ. ಬ್ಯಾಟರಿದು. ನಮ್ಮ ಬೀದೀಲಿ ಗಾಲ್ಫ್ ಆಡೋರು ಒಬ್ಬರೂ ಇಲ್ಲ. ಆದ್ರೆ ಬೇಸಿಗೇಲಿ ಕೆರೆಗೆ, ಅಂಚೆ ಡಬ್ಬದ ಹತ್ರಕ್ಕೆ, ಪಕ್ಕದ ಮನೆ ಕಾಫಿಗೆ, ಎಲ್ಲದಕ್ಕೂ ಆ ಗಾಡಿನೇ ಬೇಕು.

ಚಳಿಗಾಲ ಬಂತು ಅಂದ್ರೆ ಅದನ್ನ ಮಲಗಿಸಬೇಕು. ಬ್ಯಾಟರಿಗೆ ನೀರು ತುಂಬಿ, ಪೂರ್ತಿ ಚಾರ್ಜ್ ಮಾಡಿ, ವೈರ್ ಕಳಚಬೇಕು. ಬ್ರೇಕ್ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಬೇಕು. ಆಮೇಲೂ ತಿಂಗಳಿಗೊಂದು ಸಲ ಚಾರ್ಜ್. ಇಲ್ಲದಿದ್ರೆ ಈ ಚಳಿಗೆ ಬ್ಯಾಟರಿ ಹೆಪ್ಪುಗಟ್ಟಿ ಒಡೆದೇ ಹೋಗುತ್ತೆ. ಅಕ್ಟೋಬರಲ್ಲಿ ಭಾವ ಇದೇ ಕೆಲಸ ಮಾಡ್ತಾ ಮಾಡ್ತಾ ಗಾಡಿ ಪಕ್ಕದಲ್ಲೇ ಕುಸಿದು ತೀರಿಕೊಂಡ್ರು. ಉಳಿದಿದ್ದನ್ನ ವೆಂಡೆಲ್ ಮುಗಿಸಿದ್ದ.

ಅವನು ಬಾವಿ ದಾಟಿದ. ಹಿಂದಿಂದ... ಪೀಂ... ಪೀಂ... ಪೀಂ...

ಗಾಡೀನ ಹಿಂದಕ್ಕೆ ತಗೊಳ್ಳುವಾಗ ಬರೋ ಸದ್ದು. ಬೀದೀಲಿ ಮಕ್ಕಳಿಗೂ ಗೊತ್ತು. ಆದ್ರೆ ಜನವರೀಲಿ ಯಾರು ಗಾಡಿ ತೆಗೀತಾರೆ? ಆ ತಿಂಗಳ ಚಾರ್ಜ್ ಮುಗಿಸಿ, ವೈರನ್ನ ತಾನೇ ಈಗಷ್ಟೇ ಕಳಚಿ ಬಂದಿದ್ದಾನೆ.

ವಾಪಸ್ ಹೋಗಿ ಬೀಗ ತೆಗೆದ. ಸದ್ದು ನಿಂತುಹೋಯ್ತು. ಟಾರ್ಚ್ ಹಾಕಿ ನೋಡಿದ. ವೈರ್ ಕಳಚಿದ್ದು ಕಳಚಿದ ಹಾಗೇ ಇದೆ. ಮರದ ತುಂಡೂ ಜಾಗದಲ್ಲೇ ಇದೆ. ಆದ್ರೆ ಸೀಟಿನ ಕೆಳಗಿನ ಗುಂಡಿ... ಹಿಂದಕ್ಕೆ ಹೋಗೋ ಕಡೆ ತಿರುಗಿದೆ. ಅದನ್ನ ಸರಿ ಮಾಡಿ, ಬೀಗ ಜಡಿದು, ಓಟ ಕಿತ್ತ. ನಡ್ಕೊಂಡೇ ಹೋದೆ ಅಂತಾನೆ ಅವನು. ಅವನ ಮಾತು ಬಿಡಿ.

ಮನೇಲಿ ನೋಡಿದ್ರೆ ಆರ್ಡಿಸ್ ಅಕ್ಕ ಕೋಟು ಹಾಕ್ಕೊಂಡು ಬಾಗಿಲ ಹತ್ರ ಕೂತಿದ್ದಾಳೆ.

"ನಿಮ್ಮ ಭಾವ ಬಂದ್ರೇನೋ?" ಮೆತ್ತಗೆ ಕೇಳಿದಳಂತೆ.

ಅಕ್ಕನಿಗೆ ಮಂಡಿ ನೋವು. ಅವಳು ನಡೀಬಾರ್ದು ಅಂತ ಭಾವ ದಿನಾ ಸಂಜೆ ಗಾಡೀನ ಹಿಂದಕ್ಕೆ ತಗೊಂಡು ಬಂದು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸೋರು. ಪೀಂ ಪೀಂ ಅಂದ್ರೆ ಸಾಕು, ಅಕ್ಕ ಕೋಟು ಹಾಕ್ಕೊಳ್ಳೋಳು.

"ಯಾರೂ ಇಲ್ಲಕ್ಕ. ಗಾಳಿ."

"ಗಾಳಿಗೆ ಪೀಂ ಅನ್ನೋಕೆ ಬರುತ್ತೇನೋ, ದಡ್ಡ?"

ವೆಂಡೆಲ್‌ಗೆ ದೆವ್ವಕ್ಕಿಂತ ಹೆಚ್ಚಾಗಿ ಅಕ್ಕ ಎಲ್ಲಿ ಹೊರಟುಬಿಡ್ತಾಳೋ ಅನ್ನೋದೇ ಭಯ ಹತ್ತಿಕೊಂಡಿತು. ಹೊರಗೆ ಮೂಗಿನೊಳಗೂ ಐಸ್ ಕಟ್ಟೋ ಚಳಿ. ಮನೆ ಚಪ್ಪಲೀಲಿ ಹೊರಟುಬಿಟ್ರೆ ಕೆರೆ ತನಕವೂ ಹೋಗಲ್ಲ, ಅಷ್ಟರಲ್ಲೇ ಮುಗೀತು. ಮಾರನೇ ದಿನ ಗಾಡಿಯ ಬ್ಯಾಟರಿಗಳನ್ನೆಲ್ಲ ಬಿಚ್ಚಿ, ಒಂದೊಂದಾಗಿ ಹೊತ್ತುಕೊಂಡು ಹೋಗಿ ತನ್ನ ಮನೆ ನೆಲಮಾಳಿಗೇಲಿ ಇಟ್ಟ. ಆಮೇಲೆ ಹಾಸಿಗೆ ತಂದು ಅಕ್ಕನ ಮನೇಲೇ ಹಾಕ್ಕೊಂಡ.

ಅವತ್ತು ಸಂಜೆ ಊಟ ಮುಗಿದಿತ್ತು. ಅಕ್ಕ ತಟ್ಟೆ ಒರೆಸ್ತಿದ್ಲು.

ಪೀಂ... ಪೀಂ...

ಈ ಸಲ ಅಂಗಳದಲ್ಲಿ. ಹಿಮದ ಮೇಲೆ ಚಕ್ರ ಉರುಳೋ ಸದ್ದು, ಕುರ್... ಕುರ್... ಕುರ್... ಮೆಟ್ಟಿಲ ಹತ್ರ ಬಂತು. ಕಟಕ್. ಬ್ರೇಕ್ ಒತ್ತಿದ ಸದ್ದು. ಆಮೇಲೆ ಏನೂ ಇಲ್ಲ. ಯಾರೋ ಕಾಯ್ತಾ ಕೂತ ಹಾಗೆ...

ಅಕ್ಕ ತಟ್ಟೆ ಇಟ್ಟು ಎದ್ದಳು. ವೆಂಡೆಲ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಬಿಡೋ. ಅವರಿಗೆ ಕಾಯೋದು ಅಂದ್ರೆ ಆಗಲ್ಲ."

"ಅಕ್ಕ, ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಒಬ್ಬಳೇ ಇದ್ದು ಸಾಕಾಗಿದೆ ಕಣೋ."

ಪಾಪ, ಅವನು ಏನು ಮಾಡ್ತಾನೆ? ಚಳಿಗಾಲದಲ್ಲಿ ಯಾರಾದ್ರೂ ಗಾಡಿ ಕೇಳಿದ್ರೆ ನಮ್ಮ ಬೀದಿಯವರೆಲ್ಲ ಹೇಳೋ ಮಾತೊಂದಿದೆ. ಅದೇ ಬಾಯಿಗೆ ಬಂತು. ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ.

"ಭಾವ... ಗಾಡಿ ಮಲಗಿಸಿಯಾಗಿದೆ. ಕೆರೆ ಐಸ್ ಕರಗಿದ ಮೇಲೆ ಬನ್ನಿ."

ಆಮೇಲೆ ಕಟಕ್... ಬ್ರೇಕ್ ಬಿಟ್ಟ ಸದ್ದು. ಕುರ್... ಕುರ್... ದೂರ ಹೋಯ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಹಿಮದ ಮೇಲೆ ಒಂದು ಗೆರೆಯೂ ಇಲ್ಲ.

ಫೆಬ್ರವರಿ, ಮಾರ್ಚ್ ಸದ್ದಿಲ್ಲದೆ ಕಳೀತು. ಆದ್ರೆ ಅಷ್ಟರಲ್ಲಿ ವೆಂಡೆಲ್‌ಗೆ ತಾನೇನು ಹೇಳಿದ್ದೀನಿ ಅಂತ ಅರ್ಥ ಆಗಿತ್ತು. ಬರಬೇಡಿ ಅಂದಿರಲಿಲ್ಲ. ಯಾವಾಗ ಬರಬೇಕು ಅಂತ ತಾನೇ ಹೇಳಿ ಕಳಿಸಿದ್ದ.

ಅಕ್ಕ ಮಾತ್ರ ದಿನಾ ಬೆಳಿಗ್ಗೆ, ಐಸ್ ಹೋಯ್ತಾ ಅಂತ ಕೇಳೋಳು. ಇನ್ನೂ ಇದೆ ಅನ್ನೋನು ಇವನು. ಏಪ್ರಿಲಲ್ಲಿ ಕೆರೆ ಪೂರ್ತಿ ಕರಗಿ ನೀಲಿ ನೀರು ಕಂಡ ದಿನವೂ ಹಾಗೇ ಹೇಳಿದ. ಕಿಟಕಿ ಪರದೆ ಎಳೆದು, ಹೊರಗೆ ತುಂಬಾ ಚಳಿ ಅಕ್ಕ ಅಂದ. ಅವಳು ಅವನ ಕೆನ್ನೆ ತಟ್ಟಿದಳಂತೆ.

ಅವತ್ತೇ ಸಂಜೆ ಇವನು ಹಾಲು ತರೋಕೆ ಅಂತ ಹೋದ. ಬರೋದ್ರೊಳಗೆ ಅಕ್ಕ ಹೋಗಿಬಿಟ್ಟಿದ್ಲು. ಕೋಟಿನ ಗುಂಡಿ ಹಾಕ್ಕೊಂಡು, ಬಾಗಿಲ ಪಕ್ಕದ ಕುರ್ಚೀಲಿ ಕೂತ ಹಾಗೇ. ವೆಂಡೆಲ್ ಇವತ್ತಿಗೂ ತಾನೇ ಕೊಂದೆ ಅಂತ ಅಳ್ತಾನೆ.

ಚರ್ಚ್‌ನಲ್ಲಿ ಎಲ್ಲ ಮುಗಿದ ಮಾರನೇ ದಿನ, ಶೆಡ್ಡಿಗೆ ಒಬ್ಬನೇ ಹೋಗೋಕೆ ಆಗಲ್ಲ ಅಂತ ನನ್ನನ್ನ ಕರ್ಕೊಂಡು ಹೋದ. ಬೀಗ ಅವನೇ ತೆಗೆದ. ಗಾಡಿ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು, ಅದನ್ನ ಎಳೆದ್ವಿ.

ಬ್ಯಾಟರಿ ತೆಗೆದ ಗಾಡಿ ಹಗುರ ಆಗಿ ಮೇಲೆದ್ದು ನಿಂತಿರಬೇಕು. ಇದು ಕುಗ್ಗಿ ಕೂತಿತ್ತು. ಎರಡೂ ಕಡೆ ಸ್ಪ್ರಿಂಗ್ ಚಪ್ಪಟೆ. ನಾನು ಹಿಂದಿನ ಕಂಬಿ ಹಿಡಿದು ಎತ್ತಿ ನೋಡಿದೆ. ಜಪ್ಪಯ್ಯ ಅಂದ್ರೂ ಏಳಲಿಲ್ಲ.

ಆಗ... ಕಿರ್ರ್... ಅಕ್ಕ ಕೂರ್ತಿದ್ದ ಕಡೆ ನಿಧಾನಕ್ಕೆ ಮೇಲೆದ್ದಿತು, ಯಾರೋ ಇಳಿದ ಹಾಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಿರ್ರ್... ಭಾವ ಕೂರ್ತಿದ್ದ ಕಡೆ.

ನಾವಿಬ್ಬರೂ ಬಾಗಿಲಿಗೆ ಅಡ್ಡ ನಿಂತಿದ್ವಿ. ಪಕ್ಕಕ್ಕೆ ಸರಿದು ದಾರಿ ಬಿಟ್ವಿ.

ನಂಬದಿದ್ರೆ ಬಿಡಿ, ನಾನು ಅಲ್ಲೇ ಇದ್ದೆ. ಹಾಡಹಗಲು ಅದು, ಹೊರಗೆ ಚೆನ್ನಾಗಿ ಬಿಸಿಲು ಬಿದ್ದಿತ್ತು.